ಹದಿನಾಲ್ಕನೇ ಮೊಳೆ

ಸಿಕಂದರಾಬಾದಿನ ಹತ್ತಿರದ ಬಾಲಾನಗರದ ಆ ಓಣಿಯಲ್ಲಿ ಉಮಾಬಾಯಿಯ ಮನೆ ಯಾವುದೆಂದು ಕೇಳಿದರೆ ಯಾರೂ ಮನೆ ನಂಬರು ಹೇಳುವುದಿಲ್ಲ. ಕಾರಿನ ಅಮ್ಮನ ಮನೆಯಾ ಎಂದು ತೆಲುಗಿನಲ್ಲಿ ತಿರುಗಿ ಕೇಳಿ, ಓಣಿಯ ತುದಿಯ ತಗಡಿನ ಷೆಡ್ಡಿನ ಕಡೆ ಕೈ ತೋರಿಸುತ್ತಾರೆ. ಆ ಷೆಡ್ಡಿನೊಳಗೆ ಅರವತ್ತೆಂಟನೇ ಇಸವಿಯ ಒಂದು ಫಿಯಟ್ ಕಾರು ತಾಡಪತ್ರಿ ಹೊದ್ದುಕೊಂಡು ಹೋದ ವರ್ಷದ ತನಕ ಮೂವತ್ತನಾಲ್ಕು ವರ್ಷ ನಿಂತಿತ್ತು. ಅದರ ಮೂತಿ ನಜ್ಜುಗುಜ್ಜಾಗಿತ್ತು. ಉಮಾಬಾಯಿಯ ಗಂಡ ಹುಲಗೇಶ ಸತ್ತದ್ದು ಅದರಲ್ಲೇ.

ಹಳೆಯ ಕಾರುಗಳ ಹುಚ್ಚಿನ ಶ್ರೀಮಂತರು ಬಂಜಾರಾ ಹಿಲ್ಸ್‌ನಿಂದ ಎರಡು ಮೂರು ಸಲ ಬಂದು, ಕೇಳಿದಷ್ಟು ಕೊಡುತ್ತೇವೆಂದರೂ ಅವಳು ಮಾರಲಿಲ್ಲ. ಪತ್ರಿಕೆಯವನೊಬ್ಬ ಬಂದು ಅವಳನ್ನು ಕಾರಿನ ಪಕ್ಕ ನಿಲ್ಲಿಸಿ ಫೋಟೋ ಹೊಡೆದು, ಗಂಡನ ಮೇಲಿನ ಪ್ರೀತಿ ಹೀಗಿರಬೇಕು ಎಂದು ಬರೆದುಬಿಟ್ಟ. ಓಣಿಯ ಹೆಂಗಸರು ಆ ಸುದ್ದಿ ಕತ್ತರಿಸಿ ಇಟ್ಟುಕೊಂಡರು. ಪ್ರೀತಿ ಇರಲಿಲ್ಲವೆಂದಲ್ಲ, ಇತ್ತು. ಆದರೆ ಕಾರು ಅಲ್ಲಿ ನಿಂತದ್ದು ಪ್ರೀತಿಯಿಂದಲ್ಲ, ಹೆದರಿಕೆಯಿಂದ. ಅದನ್ನು ಯಾರಾದರೂ ಬಿಚ್ಚಿದರೆ ಒಳಗಿನಿಂದ ಏನು ಹೊರಬೀಳುತ್ತದೋ ಎಂಬ ಹೆದರಿಕೆ ಅವಳ ಹೊಟ್ಟೆಯೊಳಗೆ ಕೂತಿತ್ತು.

ಆ ಹೆದರಿಕೆ ಅರ್ಥವಾಗಬೇಕಾದರೆ ಅವಳ ನೌಕರಿಯ ವಿಷಯ ಗೊತ್ತಿರಬೇಕು. ಉಮಾಬಾಯಿ ಮೂವತ್ತೇಳು ವರ್ಷ ಒಂದು ಸರಕಾರಿ ಕಾರ್ಖಾನೆಯಲ್ಲಿ ಹತಾರ ಕೊಡುವ ಕಿಟಕಿಯ ಹಿಂದೆ ಕೂತು ದುಡಿದವಳು. ಅಲ್ಲಿ ತಯಾರಾಗುತ್ತಿದ್ದದ್ದು ವಿಮಾನದ ಸಾಮಾನು. ಪ್ರತಿ ಕೆಲಸಗಾರನ ಹತ್ತಿರ ಅವನ ನಂಬರು ಕೊರೆದ ಹಿತ್ತಾಳೆಯ ನಾಲ್ಕಾರು ಬಿಲ್ಲೆಗಳಿರುತ್ತಿದ್ದವು. ಪಾನಾ, ಅಂದರೆ ಸ್ಪ್ಯಾನರು, ಬೇಕೆಂದರೆ ಒಂದು ಬಿಲ್ಲೆ ಕೊಡಬೇಕು. ಆ ಪಾನಾ ತೂಗುತ್ತಿದ್ದ ಮೊಳೆಗೆ ಉಮಾಬಾಯಿ ಬಿಲ್ಲೆ ಹಾಕುತ್ತಿದ್ದಳು. ಹತಾರ ವಾಪಸು ಬಂದರೆ ಬಿಲ್ಲೆ ಕೊಟ್ಟವನ ಕೈಗೇ ವಾಪಸು. ಸಂಜೆ ಯಾವುದೇ ಮೊಳೆಯಲ್ಲಿ ಬಿಲ್ಲೆ ಕಂಡರೆ, ಒಂದು ಹತಾರ ಎಲ್ಲೋ ಹೊರಗಿದೆ ಎಂದರ್ಥ. ಅದು ಸಿಗುವ ತನಕ ಯಾವ ಸಾಮಾನೂ ಕದಲುವಂತಿಲ್ಲ, ಯಾರೂ ಮನೆಗೆ ಹೋಗುವಂತಿಲ್ಲ. ದೊಡ್ಡ ಸಾಹೇಬರೇ ಬಂದು ಬೇಡಿಕೊಂಡರೂ ಅವಳು ಜಗ್ಗುತ್ತಿರಲಿಲ್ಲ. ಮರೆತುಬಿಟ್ಟ ಒಂದು ಪಾನಾ ಆಕಾಶದಲ್ಲಿ ಏನು ಮಾಡೀತೆಂದು ಮೊದಲ ದಿನವೇ ಅವಳಿಗೆ ಹೇಳಿಕೊಟ್ಟಿದ್ದರು.

ಹುಲಗೇಶ ಅದೇ ಕಾರ್ಖಾನೆಯ ಫಿಟ್ಟರು, ಲಿಂಗಸುಗೂರಿನ ಕಡೆಯವನು. ಅವನ ನಂಬರು ಇನ್ನೂರ ಹನ್ನೆರಡು. ಹೆಂಡತಿ ಕಿಟಕಿಯ ಹಿಂದೆ ಕೂತ ಮೇಲೆ ಅವನಿಗೆ ಬೇಡದ ಹತಾರವೆಲ್ಲ ಬೇಕಾಗತೊಡಗಿತು. ಒಂದು ದಿನ ಒಂದೇ ಪಾನಾಕ್ಕೆ ನಾಲ್ಕು ಸಲ ಬಂದು, ಬಿಲ್ಲೆ ಇಟ್ಟು, ಅಂಗೈ ಚಾಚಿ ನಿಂತನಂತೆ. ಇಡೀ ಷಾಪು ನಕ್ಕಿತು. ಉಮಾಬಾಯಿ ಮಾತ್ರ ಮುಖ ಗಂಟಿಕ್ಕಿಕೊಂಡು ನಾಲ್ಕು ಸಲವೂ ಬಿಲ್ಲೆ ತೂಗುಹಾಕಿದಳು.

ಫಿಯಟ್ ಬಂದದ್ದು ಎಂಬತ್ತಾರರಲ್ಲಿ, ಸಿಕಂದರಾಬಾದಿನ ಒಬ್ಬ ಮುದುಕ ಡಾಕ್ಟರಿಂದ. ಕೆನೆ ಬಣ್ಣ, ಸ್ಟಿಯರಿಂಗಿನ ಪಕ್ಕದಲ್ಲೇ ಗೇರು. ಮೊದಲ ದಿನ ಸುಲ್ತಾನ್ ಬಜಾರಿಗೆ ಹೋಗೋಣವೆಂದು ಹೊರಟರು. ಹಿಂದೆ ಅತ್ತೆ ಗದಿಗೆಮ್ಮ ಪೂಜೆಯ ತೆಂಗಿನಕಾಯಿಯನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ಎರಡು ವರ್ಷದ ರಾಹುಲ ಕಾರಿನ ಸಿಗರೇಟು ಬೂದಿಯ ಡಬ್ಬಿಯಲ್ಲಿ ಬೆರಳು ಸಿಕ್ಕಿಸಿಕೊಂಡು ಅಳುತ್ತಿದ್ದ. ಬಜಾರಿನ ಪಕ್ಕದ ಕೋಠಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗದೆ ಹುಲಗೇಶ ಬಸ್‌ಸ್ಟ್ಯಾಂಡಿಗೆ ಮೂರು ಸುತ್ತು ಹಾಕಿ, ಒಂದು ಮೊಳ ಬಟ್ಟೆಯನ್ನೂ ಕೊಳ್ಳದೆ ಎಲ್ಲರನ್ನೂ ಮನೆಗೆ ವಾಪಸು ತಂದ. ಗದಿಗೆಮ್ಮ ಮಾತ್ರ ಸುಲ್ತಾನ್ ಬಜಾರಿಗೆ ಕಾರಿನಲ್ಲಿ ಹೋಗಿಬಂದೆನೆಂದು ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದಳು. ಬಿಸಿಲಿಗೆ ಕಾದ ರೆಕ್ಸಿನ್ ಮತ್ತು ಪೆಟ್ರೋಲಿನ ವಾಸನೆ ಎಲ್ಲಿ ಮೂಗಿಗೆ ಬಡಿದರೂ ಉಮಾಬಾಯಿಗೆ ಇವತ್ತಿಗೂ ಆ ದಿನ ಕಣ್ಣ ಮುಂದೆ ಬರುತ್ತದೆ.

ಭಾನುವಾರ ಬಂತೆಂದರೆ ಹುಲಗೇಶ ಕಾರಿನ ಕೆಳಗೆ. ಹತಾರ ಕೊಡುವುದು ಉಮಾಬಾಯಿ. ಅವಳನ್ನು ಚುಡಾಯಿಸಲೆಂದೇ ಅವನು ಒಂದು ಹಲಗೆಗೆ ಸಾಲಾಗಿ ಮೊಳೆ ಹೊಡೆದು, ಪ್ರತಿ ಮೊಳೆಯ ಕೆಳಗೂ ಕೆಂಪು ಬಣ್ಣದಲ್ಲಿ ಪಾನಾದ ಆಕಾರ ಬರೆದು, ನಂಬರು ಹಾಕಿ, ಹಿಂದಿನ ಪಡಸಾಲೆಯ ಗೋಡೆಗೆ ತೂಗುಹಾಕಿದ. ಇನ್ನೂರ ಹನ್ನೆರಡರ ಬಿಲ್ಲೆಗಳನ್ನೂ ತಾನೇ ಕತ್ತರಿಸಿದ. ಅವನಿಗೆ ಅದು ಆಟ. ಅವಳಿಗೆ ಅದು ಆಟವಾಗಿ ಉಳಿಯಲಿಲ್ಲ. ಬಿಲ್ಲೆ ಇಡದೆ ಪಾನಾ ಮುಟ್ಟಿದರೆ ಮನೆಯಲ್ಲೂ ಜೋರು ಮಾಡತೊಡಗಿದಳು.

ತೊಂಬತ್ತನೇ ಇಸವಿಯ ಫೆಬ್ರವರಿಯ ಒಂದು ಶನಿವಾರ ಅದೇ ಮಾತಿಗೆ ಜಗಳ ಹತ್ತಿತು. ಮರುದಿನ ರಾಯಚೂರಿನಲ್ಲಿ ಹುಲಗೇಶನ ತಂಗಿಯ ಕೂಸಿನ ತೊಟ್ಟಿಲು. ಅವನು ಸಂಜೆಯ ತನಕ ಕಾರಿನ ಕೆಳಗೆ ಮಲಗಿ ಏನೇನೋ ಬಿಗಿದು, ಎರಡು ಪಾನಾಗಳನ್ನು ಅಂಗಳದಲ್ಲೇ ಬಿಟ್ಟು ಎದ್ದುಬಂದ. ಉಮಾಬಾಯಿ ಅತ್ತೆಯ ಎದುರಿಗೇ ಕೇಳಿದಳು. ಅವನಿಗೆ ಸಿಟ್ಟು ನೆತ್ತಿಗೇರಿತು.

“ಇದು ಮನಿ ಐತಿ, ಕಾರ್ಖಾನಿ ಅಲ್ಲ. ಗಂಡನ್ನ ಕಿಟಕ್ಯಾಗ ನಿಂದರಿಸಿದಂಗ ನಿಂದರಿಸಿ ಕೇಳತಿಯಲ್ಲ, ಇನ್ನೊಮ್ಮಿ ಬಿಲ್ಲಿ ಸುದ್ದಿ ಎತ್ತಬ್ಯಾಡ.”

ಅವಳೂ ಹಟದ ಹೆಣ್ಣೇ. ಇನ್ನು ತಾನಾಗಿ ಬಾಯಿ ಬಿಟ್ಟರೆ ಕೇಳು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು. ಬೆಳಗಾಗುವಷ್ಟರಲ್ಲಿ ಆರು ವರ್ಷದ ರಾಹುಲನಿಗೆ ಜ್ವರ ಬಂದಿತ್ತು. ಅವಳೂ ಮಗನೂ ಮನೆಯಲ್ಲೇ ಉಳಿದರು, ಅವರ ಜೊತೆ ಗದಿಗೆಮ್ಮನೂ ಉಳಿದಳು. ಹುಲಗೇಶ ಒಬ್ಬನೇ ಹೊರಟ. ಇಂಜಿನ್ನು ಶುರುವಾದಾಗ ಉಮಾಬಾಯಿ ನೀರು ತುಂಬಲು ಹಿಂದಿನ ಪಡಸಾಲೆಗೆ ಹೋದಳು. ಹದಿನಾಲ್ಕನೇ ಮೊಳೆಯಲ್ಲಿ ಪಾನಾ ಇರಲಿಲ್ಲ. ಬಿಲ್ಲೆ ಇತ್ತು.

ಅವಳು ಬಾಗಿಲ ತನಕ ಓಡಿಬಂದಳು. ಕಾರ್ಖಾನೆಯಲ್ಲಾಗಿದ್ದರೆ ಎರಡೂ ಕೈ ಅಡ್ಡ ಹಿಡಿದು ನಿಲ್ಲುತ್ತಿದ್ದಳು. ಹುಲಗೇಶ ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದ. ಅವನೂ ಮಾತಾಡಲಿಲ್ಲ, ಅವಳೂ ಮಾತಾಡಲಿಲ್ಲ. ಕಾರು ಓಣಿ ದಾಟಿತು.

ರಾಯಚೂರಿನ ದಾರಿಯಲ್ಲಿ ಜಡ್ಚರ್ಲಾ ದಾಟಿದ ಮೇಲೆ ರಸ್ತೆಯ ಮೇಲೆ ಕೆಟ್ಟು ನಿಂತಿದ್ದ ಶಹಾಬಾದ್ ಕಲ್ಲಿನ ಲಾರಿಗೆ ಅವನ ಕಾರು ಹಿಂದಿನಿಂದ ಬಡಿಯಿತು. ಹಾಡುಹಗಲು, ನೆಟ್ಟಗಿನ ರಸ್ತೆ. ರಸ್ತೆಯ ಮೇಲೆ ಬ್ರೇಕಿನ ಗುರುತೇ ಇಲ್ಲ ಎಂದು ನೋಡಿದವರು ಹೇಳಿದರು. ಅಂದಮೇಲೆ ನಿದ್ದೆ ಹತ್ತಿರಬೇಕು ಎಂದರು ಕೆಲವರು. ಹುಲಗೇಶ ಹಬ್ಬಕ್ಕೋ ಹುಣ್ಣಿಮೆಗೋ ಒಂದಿಷ್ಟು ತೆಗೆದುಕೊಳ್ಳುತ್ತಿದ್ದುದು ಗೊತ್ತಿದ್ದವರು ಕುಡಿದೇ ಹೊರಟಿರಬೇಕು ಎಂದರು. ಈ ಎರಡನೆಯ ಮಾತಿಗೆ ಕಾಲು ಬೇಗ ಬಂದವು. ವರ್ಷ ತುಂಬುವಷ್ಟರಲ್ಲಿ ಬಂಧುಬಳಗದಲ್ಲಿ ಅದೇ ನಿಜವಾಗಿ ಕೂತಿತು.

ಬ್ರೇಕಿನ ಗುರುತಿಲ್ಲ ಎಂಬ ಮಾತು ಕಿವಿಗೆ ಬಿದ್ದಾಗಲೇ ಉಮಾಬಾಯಿಗೆ ಹದಿನಾಲ್ಕನೇ ಮೊಳೆ ಕಣ್ಣ ಮುಂದೆ ಬಂದಿತ್ತು. ಹದಿನಾಲ್ಕು ನಂಬರಿನ ಪಾನಾ ಕಾರಿನ ಕೆಳಗೆಲ್ಲೋ ಉಳಿದು, ದಾರಿಯ ಕುಣಿಗಳಲ್ಲಿ ಜರುಗುತ್ತ ಜರುಗುತ್ತ ಬ್ರೇಕಿನ ಸರಳಿಗೆ ಅಡ್ಡ ಕೂತಿದ್ದರೆ? ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು. ಗಂಡನ್ನ ತಿಂದಾಕಿ ಎಂದು ಅತ್ತೆ ಆಗಲೇ ಎದೆ ಬಡಿದುಕೊಂಡು ಅಳುತ್ತಿದ್ದಳು. ಇದನ್ನೂ ಹೇಳಿದರೆ ಮಗನನ್ನು ಕಿತ್ತುಕೊಂಡು ತನ್ನನ್ನು ಹೊರಗೆ ಹಾಕುತ್ತಾರೆಂದು ಹೆದರಿ ನುಂಗಿಕೊಂಡಳು. ಒಮ್ಮೆ ನುಂಗಿದ ಮಾತು ಮತ್ತೆ ಗಂಟಲಿಗೆ ಬರಲಿಲ್ಲ. ಬಿಲ್ಲೆ ಮಾತ್ರ ಹದಿನಾಲ್ಕನೇ ಮೊಳೆಯಲ್ಲೇ ಉಳಿಯಿತು. ಅದು ಮಗನ ಗುರುತೆಂದು ಗದಿಗೆಮ್ಮ ತಾನು ಸಾಯುವ ತನಕ ಪ್ರತಿ ಶುಕ್ರವಾರ ಅದಕ್ಕೆ ಕುಂಕುಮ ಹಚ್ಚುತ್ತಿದ್ದಳು. ಉಮಾಬಾಯಿ ಆ ಹೊತ್ತಿಗೆ ಅಡುಗೆಮನೆಯಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದಳು.

ಅಂದಿನಿಂದ ಅವಳ ಬಾಳು ಷೆಡ್ಡಿನ ಕಾವಲು. ಕೀಲಿ ಹಗಲೂ ರಾತ್ರಿ ಸೊಂಟದಲ್ಲಿ. ಓಣಿಯಲ್ಲಿ ಹಳೆ ಕಬ್ಬಿಣದವನು ಕೂಗಿದರೆ ಎದ್ದು ಬಾಗಿಲಿಗೆ ಬರುತ್ತಿದ್ದಳು. ರಸ್ತೆ ಅಗಲ ಮಾಡುವವರು ಅಳತೆಪಟ್ಟಿ ಹಿಡಿದು ಬಂದ ವಾರ ಅವಳಿಗೆ ಅನ್ನ ಸೇರಲಿಲ್ಲ. ಹಾಗಾದರೆ ತಾನೇ ಬಗ್ಗಿ ನೋಡಿ, ಇದ್ದರೆ ತೆಗೆದು ಬಾವಿಗೆ ಹಾಕಬಹುದಿತ್ತಲ್ಲ ಎಂದು ಕೇಳಬಹುದು. ಒಮ್ಮೆ ಬ್ಯಾಟರಿ ಹಿಡಿದು ಒಳಗೆ ಹೋಗಿದ್ದಳು. ಕಾರಿನ ಪಕ್ಕ ನೆಲದ ಮೇಲೆ ಕೂತಳು. ಬಗ್ಗಲು ಆಗಲಿಲ್ಲ. ಇರಬಹುದು, ಇರಲಿಕ್ಕಿಲ್ಲ ಎನ್ನುತ್ತ ಹೇಗೋ ಬದುಕಬಹುದಿತ್ತು. ಇದೆ ಎಂದು ಕಣ್ಣಾರೆ ಕಂಡ ಮೇಲೆ ಮಗನ ಮುಖ ನೋಡುವುದು ಹೇಗೆ ಎಂದು ಹೆದರಿ ಎದ್ದು ಬಂದಳು.

ಮಗ ರಾಹುಲ ಕೋಠಿಯಲ್ಲಿ ಔಷಧಿಯ ಸಗಟು ಅಂಗಡಿ ಇಟ್ಟಿದ್ದಾನೆ. ನಲವತ್ತು ವರ್ಷ. ನಿಮ್ಮಪ್ಪ ಕುಡಿದು ಗಾಡಿ ಹೊಡೆದು ಸತ್ತ ಎಂದು ಯಾರೋ ಮದುವೆಮನೆಯಲ್ಲಿ ಅಂದದ್ದನ್ನು ಹತ್ತನೇ ವಯಸ್ಸಿನಲ್ಲಿ ಕೇಳಿಸಿಕೊಂಡವನು. ಅವನು ಕುಡಿಯುವುದಿಲ್ಲ, ಗಾಡಿಯನ್ನೂ ಕಲಿಯಲಿಲ್ಲ. ಎಲ್ಲಿಗೆ ಹೋಗುವುದಾದರೂ ಬಸ್ಸು, ಮೆಟ್ರೋ, ಇಲ್ಲವೆ ಆಟೋ. ಅಪ್ಪನ ಫೋಟೋಕ್ಕೆ ಹೂ ಹಾಕುತ್ತಾನೆ, ಅಪ್ಪನ ಸುದ್ದಿ ಬಂದರೆ ಎದ್ದು ಹೋಗುತ್ತಾನೆ.

ಇಂಥವನು ಹೋದ ವರ್ಷ ದಸರೆಯ ಮುಂದೆ ಒಂದು ದಿನ, ಕಾರು ರಿಪೇರಿ ಮಾಡಿಸೋಣ ಎಂದ. ಅವನ ಮಗಳು ನಿರೀಕ್ಷಾ ಶಾಲೆಯ ಗೆಳತಿಯರ ಜೊತೆ ಹಳೆಯ ಕಾರುಗಳ ಪ್ರದರ್ಶನಕ್ಕೆ ಹೋಗಿ, ಅಂಥದೇ ಕೆನೆ ಬಣ್ಣದ ಫಿಯಟ್ಟಿಗೆ ಜನ ಮುಗಿಬಿದ್ದು ಫೋಟೋ ತೆಗೆಸಿಕೊಳ್ಳುವುದನ್ನು ಕಂಡುಬಂದಿದ್ದಳು. ಉಮಾಬಾಯಿ ಬೇಡವೆಂದಳು. ಯಾಕೆಂದು ಕೇಳಿದರೆ ಹೇಳಲು ಅವಳ ಹತ್ತಿರ ಕಾರಣವಿರಲಿಲ್ಲ. ಅವ್ವನಿಗೆ ದುಃಖ ಉಕ್ಕಿಬರುತ್ತದೆ ಎಂದುಕೊಂಡು ರಾಹುಲ ಮೆತ್ತಗೆ ಒಪ್ಪಿಸಿದ. ಸೊಂಟದಿಂದ ಕೀಲಿ ಬಿಚ್ಚಿಕೊಡಲು ಅವಳು ತಡ ಮಾಡಿದ್ದನ್ನು ಎಲ್ಲರೂ ಪ್ರೀತಿಯೆಂದೇ ತಿಳಿದರು.

ಮೇಸ್ತ್ರಿ ಸಂಗಣ್ಣ ಹುಮನಾಬಾದಿನವನು, ಬಾಲಾನಗರದಲ್ಲೇ ಗ್ಯಾರೇಜು. ಷೆಡ್ಡಿಗೇ ಬಂದು ದಿನಕ್ಕಿಷ್ಟು ಬಿಚ್ಚುತ್ತಿದ್ದ. ಉಮಾಬಾಯಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಅಲ್ಲೇ ಕೂರತೊಡಗಿದಳು. ಹಲಗೆಯನ್ನು ಷೆಡ್ಡಿಗೆ ತರಿಸಿ, ಬಿಲ್ಲೆ ಇಟ್ಟೇ ಹತಾರ ಒಯ್ಯಬೇಕೆಂದಳು. ಸಂಗಣ್ಣ ನಕ್ಕು ಒಪ್ಪಿಕೊಂಡ. ಎರಡನೇ ದಿನ ಅವನು ಹಲಗೆಯ ಮುಂದೆ ನಿಂತು, ಹದಿನಾಲ್ಕು ಎಲ್ಲಿ ಹೋಯಿತು, ಬಿಲ್ಲೆ ಒಂದೇ ತೂಗುತ್ತಿದೆಯಲ್ಲ ಎಂದು ಕೇಳಿದ. ಕಳೆದಿದೆ ಎಂದಳು. ಅವನು ತನ್ನ ಚೀಲದಿಂದ ಬೇರೆ ಪಾನಾ ತೆಗೆದುಕೊಂಡ.

ಬಾನೆಟ್ಟು ಹೋಯಿತು, ಸೀಟು ಹೋದವು, ಬಾಗಿಲು ಹೋದವು. ಒಂದೊಂದು ಭಾಗ ಕಳಚಿದಾಗಲೂ ಅವಳು ಉಸಿರು ಹಿಡಿದು, ಏನೂ ಬೀಳದಿದ್ದರೆ ಉಸಿರು ಬಿಡುತ್ತಿದ್ದಳು. ಎಂಟನೇ ದಿನ ಹೊರಡುವಾಗ, ನಾಳೆ ಪೆಡಲಿನ ಕೆಳಗಿನ ತಗಡು ತೆಗೆಯುತ್ತೇನೆ, ರಾಹುಲಣ್ಣನೂ ನೋಡಲಿಕ್ಕೆ ಬರುತ್ತೇನೆಂದಿದ್ದಾನೆ ಎಂದ ಸಂಗಣ್ಣ.

ಅವನು ಹೋದ ಮೇಲೆ, ಇನ್ನೂ ಬಿಸಿಲಿರುವಾಗಲೇ, ಅರವತ್ತಾರರ ಉಮಾಬಾಯಿ ಷೆಡ್ಡಿನ ಬಾಗಿಲು ಒಳಗಿನಿಂದ ಹಾಕಿ ನೆಲಕ್ಕೆ ಮಲಗಿದಳು. ಬ್ಯಾಟರಿ ಹಚ್ಚಲು ಧೈರ್ಯ ಬರಲಿಲ್ಲ. ಕಣ್ಣು ಮುಚ್ಚಿ ಕೈ ಒಳಗೆ ತೂರಿಸಿದಳು. ತುಕ್ಕು, ಒಣಗಿದ ಗ್ರೀಸು, ಜೇಡರ ಬಲೆ. ಆಮೇಲೆ ಬೆರಳಿಗೆ ಪಾನಾದ ತುದಿಯ ಉಂಗುರ ಸಿಕ್ಕಿತು. ಮೂವತ್ತೇಳು ವರ್ಷ ಹತಾರ ಹಿಡಿದ ಕೈಗೆ ಕಣ್ಣು ಬೇಕಿರಲಿಲ್ಲ. ಹದಿನಾಲ್ಕು.

ಜಗ್ಗಿದಳು. ಬರಲಿಲ್ಲ. ಇನ್ನೊಮ್ಮೆ ಜೀವ ಬಿಟ್ಟು ಜಗ್ಗಿದಳು. ಸರಳು ಮತ್ತು ತೊಲೆಯ ನಡುವೆ ಕಚ್ಚಿಕೊಂಡು ಅದು ಕಬ್ಬಿಣಕ್ಕೆ ಕಬ್ಬಿಣವಾಗಿ ಅಂಟಿತ್ತು. ಸಂಗಣ್ಣನ ಗರಗಸ ಅಲ್ಲೇ ಹಲಗೆಯ ಮೇಲಿತ್ತು. ಅರ್ಧ ತಾಸು ಕೊಯ್ದರೆ ಎಲ್ಲ ಮುಗಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅವಳು ಗರಗಸ ಕೈಗೆ ತೆಗೆದುಕೊಂಡಳು ಕೂಡ.

ಹೊರಗೆ ನಿರೀಕ್ಷಾ ಫೋನಿನಲ್ಲಿ ಗೆಳತಿಯೊಡನೆ ಮಾತಾಡುತ್ತ ಷೆಡ್ಡಿನ ಪಕ್ಕ ನಡೆದುಹೋದಳು. ಕಾರು ತಯಾರಾದರೆ ಓಡಿಸುವವರು ಯಾರು ಎಂದು ಗೆಳತಿ ಕೇಳಿರಬೇಕು. ಪಪ್ಪಾ ಓಡಿಸುವುದಿಲ್ಲ, ನಮ್ಮ ಅಜ್ಜ ಕುಡಿದು ಓಡಿಸಿ ಸತ್ತದ್ದಲ್ಲವಾ, ಪಪ್ಪಾನಿಗೆ ಅದೇ ಅವಮಾನ ಎಂದಳು ಹುಡುಗಿ. ಹವಾಮಾನದ ಸುದ್ದಿ ಹೇಳಿದಷ್ಟು ಹಗುರಾಗಿ ಹೇಳಿದಳು. ಅಜ್ಜನನ್ನು ಅವಳು ಕಂಡೇ ಇರಲಿಲ್ಲ.

ಉಮಾಬಾಯಿ ಗರಗಸವನ್ನು ಇದ್ದಲ್ಲೇ ಇಟ್ಟಳು. ತಾನು ಸುಮ್ಮನಿದ್ದೇ ಸತ್ತವನ ಮೇಲೆ ಕುಡುಕನೆಂಬ ಅಪವಾದ ಹೊರಿಸಿದ್ದೇನೆಂದು ಅವಳಿಗೆ ಹೊಸದಾಗಿ ಗೊತ್ತಾದದ್ದೇನಲ್ಲ. ಆದರೆ ಅದು ಮೊಮ್ಮಗಳ ಬಾಯಿಗೂ ಬಂದಿತ್ತು. ಇನ್ನು ಅದು ಮುಂದಿನವರ ಬಾಯಿಗೆ ಹೋಗುವುದನ್ನು ನೋಡುತ್ತ ಕೂರುವುದು ಅವಳಿಂದಾಗಲಿಲ್ಲ. ಆದರೂ ಹೆದರಿಕೆ ಹೋಗಲಿಲ್ಲ, ಇನ್ನಷ್ಟು ಹೆಚ್ಚಿತು.

ಮರುದಿನ ಬೆಳಿಗ್ಗೆ ಸಂಗಣ್ಣ ತಗಡಿನ ಮೊದಲ ಸ್ಕ್ರೂಗೆ ಕೈ ಹಾಕಿದಾಗ ಅವಳು ಕುರ್ಚಿಯಿಂದ ಎದ್ದು ನಿಂತಳು.

“ತಡೀರಿ ಸಂಗಣ್ಣ. ರಾಹುಲ, ಅದರ ಕೆಳಗ ಒಂದು ಪಾನಾ ಐತಿ. ನಿಮ್ಮಪ್ಪ ಮರತು ಬಿಟ್ಟಿದ್ದು. ಅವತ್ತು ಬಿಲ್ಲಿ ಮೊಳ್ಯಾಗ ಇತ್ತು, ನಾ ನೋಡಿದ್ದೆ. ನೋಡಿನೂ ಗಾಡಿ ನಿಂದರಿಸಲಿಲ್ಲ.”

ರಾಹುಲ ಯಾಕೆಂದು ಕೇಳಿದ.

“ಹಿಂದಿನ ದಿನ ಬೈದಿದ್ದರು. ನಾನಾಗಿ ಮಾತಾಡಬಾರದಂತ ಹಟ ಹಿಡದಿದ್ದೆ. ಅಷ್ಟೇ ಐತಿ, ಮತ್ತೇನಿಲ್ಲ.”

ರಾಹುಲ ಕೈಸನ್ನೆ ಮಾಡಿದ, ಸಂಗಣ್ಣ ತಗಡು ಎತ್ತಿದ. ಪಾನಾ ಅಲ್ಲೇ ಇತ್ತು. ರಾಹುಲ ಪೆಡಲ್ ಒತ್ತಿ ತೋರಿಸಲು ಹೇಳಿದ. ಸಂಗಣ್ಣ ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಸರಳನ್ನು ಸಡಿಲಿಸಿ, ಅಂಗೈಯಿಂದ ಒತ್ತಿದ. ಪೆಡಲ್ ಎರಡು ಬೆರಳಿನಷ್ಟು ಇಳಿದು ಟಕ್ ಎಂದು ನಿಂತಿತು. ಎಷ್ಟು ಭಾರ ಹಾಕಿದರೂ ಕೆಳಗಿಳಿಯಲಿಲ್ಲ. ಆಮೇಲೆ ಅವನು ಪಾನಾವನ್ನು ಬಿಡಿಸಿ ತೆಗೆದು, ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದ. ನಡುವಿನ ದಂಡ ಬಾಗಿತ್ತು. ಒಂದು ಕಡೆ ಸರಳಿನ ಅಂಚು ಕಚ್ಚಿ ಆಳವಾದ ಗಾಯ ಬಿದ್ದಿತ್ತು.

“ಇದು ಗಟ್ಟಿ ಉಕ್ಕು ಐತ್ರಿ ಅಣ್ಣಾರ,” ಎಂದ ಸಂಗಣ್ಣ, ದನಿ ತಗ್ಗಿಸಿ. “ಸುಮ್ಮನ ಕಾಲಿಟ್ಟರ ಹಿಂಗ ಬಾಗಂಗಿಲ್ಲ. ಎರಡೂ ಕಾಲಿಂದ ಒತ್ಯಾರ.”

ರಾಹುಲ ಆ ಗಾಯದ ಮೇಲೆ ಹೆಬ್ಬೆರಳು ಆಡಿಸಿದ. ನಿದ್ದೆ ಹತ್ತಿದವನು ಒತ್ತುವುದಿಲ್ಲ, ಕುಡಿದು ಮೈಮರೆತವನೂ ಹೀಗೆ ಒತ್ತುವುದಿಲ್ಲ. “ಅಪ್ಪ ಬ್ರೇಕ್ ಒತ್ಯಾನ,” ಎಂದ. ಮತ್ತೊಮ್ಮೆ ಅದನ್ನೇ ಹೇಳಿದ. ಆಮೇಲೆ ತಾಯಿಯ ಕಡೆ ತಿರುಗಿದ.

“ಮೂವತ್ನಾಕು ವರ್ಷ, ಅವ್ವಾ.”

ಪಾನಾವನ್ನು ಕುರ್ಚಿಯ ಮೇಲಿಟ್ಟು, ಚಹಾ ಕೂಡ ಕುಡಿಯದೆ ಕೋಠಿಗೆ ಹೋಗಿಬಿಟ್ಟ.

ಆ ದಿನವೆಲ್ಲ ಉಮಾಬಾಯಿ ಬಾಗಿಲ ಹತ್ತಿರವೇ ಕೂತಿದ್ದಳು. ಮಧ್ಯಾಹ್ನ ಅವನ ಫೋನು ಬರಲಿಲ್ಲ. ದಿನಾ ಬರುವ ಫೋನು. ಸೊಸೆ ಕಾವ್ಯಾ ಊಟಕ್ಕೆ ಕರೆದರೆ ಹಸಿವಿಲ್ಲವೆಂದಳು. ಒಂದು ಭಾನುವಾರ ಇದೇ ಬಾಗಿಲಲ್ಲಿ ನಿಂತು ಸುಮ್ಮನಿದ್ದು ಗಂಡನನ್ನು ಕಳೆದುಕೊಂಡಿದ್ದಳು. ಇವತ್ತು ಮಾತಾಡಿ ಮಗನನ್ನು ಕಳೆದುಕೊಂಡೆನೇ ಎಂದು ಅವಳ ಜೀವ ತಲ್ಲಣಿಸಿತು. ಓಣಿಗೆ ಆಟೋ ಬಂದಾಗಲೆಲ್ಲ ಎದ್ದು ನೋಡಿ ಮತ್ತೆ ಕೂತಳು.

ದೀಪ ಹಚ್ಚುವ ಹೊತ್ತಿಗೆ ಅವನು ಬಂದ. ಮುಖ ತೊಳೆದು ನೇರ ಷೆಡ್ಡಿಗೆ ಹೋದ. ಅವಳು ಪಾನಾ ಹಿಡಿದುಕೊಂಡು ಹಿಂದೆ ಹೋದಳು. ಏನು ಮಾಡಬೇಕೆಂದು ತಿಳಿಯದೆ, ತಿಳಿದಿದ್ದ ಒಂದೇ ಕೆಲಸ ಮಾಡಿದಳು. ಹದಿನಾಲ್ಕನೇ ಮೊಳೆಯಿಂದ ಬಿಲ್ಲೆ ತೆಗೆದು ಪಾನಾ ತೂಗುಹಾಕಿದಳು. ಬಾಗಿದ ಪಾನಾ ಕೆಂಪು ಗೆರೆಯೊಳಗೆ ಸರಿಯಾಗಿ ಕೂರಲಿಲ್ಲ. ಇನ್ನೂರ ಹನ್ನೆರಡರ ಬಿಲ್ಲೆ ಕೈಯಲ್ಲಿ ಉಳಿಯಿತು. ಅದನ್ನು ಯಾರ ಕೈಗೆ ವಾಪಸು ಕೊಡಬೇಕೋ ಅವನು ಇರಲಿಲ್ಲ. ಅವಳಿಗೆ ಆಗ ಅಳು ಬಂತು.

ರಾಹುಲ ಹತ್ತಿರ ಬಂದ. ಸಿಟ್ಟು ಇನ್ನೂ ಅವನ ಮುಖದಲ್ಲಿತ್ತು, ಅವನು ಅದನ್ನು ಮುಚ್ಚಿಡಲಿಲ್ಲ. ಆದರೂ ಅಂಗೈ ಮೇಲೆ ಮಾಡಿ ಕೈ ಚಾಚಿದ.

“ಹತಾರ ಬಂತಲ್ಲ ಅವ್ವಾ. ಬಿಲ್ಲಿ ಕೊಡು.”

ಅವಳು ಅವನ ಅಂಗೈಯಲ್ಲಿ ಬಿಲ್ಲೆ ಇಟ್ಟಳು. ಅದಕ್ಕೆ ಹತ್ತಿದ್ದ ಹಳೆಯ ಕುಂಕುಮ ಇಬ್ಬರ ಬೆರಳಿಗೂ ಅಂಟಿಕೊಂಡಿತು.